ಚಾರ್ಮಾಡಿ ನೆತ್ತಿಯಲ್ಲಿ ಒಂದು ಕೂದಲೆಳೆಯ ಸಂದು

ಕೊಟ್ಟಿಗೆಹಾರವೆಂದರೆ ಘಟ್ಟದ ಮೇಲಿನ ಕೊನೆಯ ಪೇಟೆ. ಮೂಡಿಗೆರೆಯಿಂದ ಬಣಕಲ್ ದಾಟಿ ಬರುವ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕಳಸ, ಹೊರನಾಡಿನ ಕಡೆಗೆ ಹೋದರೆ ಇನ್ನೊಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ, ಮಂಗಳೂರಿನ ದಾರಿ ಹಿಡಿಯುತ್ತದೆ. ಬಯಲುಸೀಮೆಯಿಂದ ಬಂದ ವಾಹನಗಳು ಘಾಟಿ ಇಳಿಯುವ ಮುನ್ನ ಇಲ್ಲೊಮ್ಮೆ ನಿಲ್ಲುತ್ತವೆ. ಜನ ನೀರುದೋಸೆ ತಿಂದು, ಚಹಾ ಕುಡಿದು, ಕೈಕಾಲು ಸಡಿಲಿಸಿಕೊಂಡು ಮತ್ತೆ ಹತ್ತುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಈ ಊರಿನಲ್ಲೇ. ಮಳೆಗಾಲದಲ್ಲಿ ಮಂಜು ಅಂಗಡಿಯೊಳಕ್ಕೇ ಬಂದು ಕೂರುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ಹದವಾದ ಮಳೆ ಬಿದ್ದರೆ ಸಾಕು, ವಾರದೊಳಗೆ ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟು ಊರೇ ಘಮಘಮಿಸುತ್ತದೆ.

ಅಂಥ ಘಮಘಮಿಸುವ ಒಂದು ಬೆಳಗ್ಗೆ, 2018ರ ಮಾರ್ಚ್ ತಿಂಗಳಲ್ಲಿ, ನಾನು ಮತ್ತು ನನ್ನ ಮಗಳು ಬೈಕನ್ನು ತಳ್ಳಿಕೊಂಡು ಈ ಪೇಟೆಗೆ ಬಂದು ನಿಂತೆವು. ಅವಳಿಗೆ ಅಂದು ದ್ವಿತೀಯ ಪಿಯುಸಿಯ ಭೌತಶಾಸ್ತ್ರದ ಪರೀಕ್ಷೆ. ಪರೀಕ್ಷಾ ಕೇಂದ್ರ ಇದ್ದದ್ದು ಘಟ್ಟದ ಕೆಳಗೆ, ಉಜಿರೆಯಲ್ಲಿ.

ಹಾಸ್ಟೆಲಿನಲ್ಲಿದ್ದ ಹುಡುಗಿ ಎರಡು ಪರೀಕ್ಷೆಗಳ ನಡುವೆ ಸಿಕ್ಕಿದ ಬಿಡುವಿಗೆ ಮನೆಗೆ ಬಂದಿದ್ದಳು. ಮರಳಿ ಕರೆದುಕೊಂಡು ಹೋಗುವ ಹೊಣೆ ನನ್ನದು. ಬಸ್ಸಿನಲ್ಲಿ ಹೋಗೋಣ ಎಂದು ಅವಳು ಹೇಳಿದ್ದಳು. ‘ಗಾಡಿ ಇರುವಾಗ ಬಸ್ಸೇಕೆ? ಮೊನ್ನೆಯಷ್ಟೇ ನಾನೇ ಕೈಯಾರೆ ರಿಪೇರಿ ಮಾಡಿದ್ದೇನೆ’ ಎಂದು ನಾನು ಜಂಭದಿಂದ ಹೇಳಿದ್ದೆ. ಬೆಳಗ್ಗೆ ಆರೂವರೆಗೆ ಕಿಕ್ ಹೊಡೆಯಲು ಶುರುಮಾಡಿದವನು ಏಳು ಗಂಟೆಗೆ ಬೆವರಿ ನಿಂತೆ. ಪೆಟ್ರೋಲ್ ಇದೆ, ಪ್ಲಗ್ ಕಿಡಿ ಹಾರಿಸುತ್ತಿದೆ, ಆದರೆ ಎಂಜಿನ್ ಮಾತ್ರ ಮಿಸುಕಲಿಲ್ಲ. ಕಿಕ್ಕರ್ ಒತ್ತಿದರೆ ಕಾಲಿಗೆ ಸಿಗಬೇಕಾದ ಗಟ್ಟಿತನವೇ ಇರಲಿಲ್ಲ. ಗಾಳಿ ಹೋದ ಸೈಕಲ್ ಪಂಪನ್ನು ಒತ್ತಿದ ಹಾಗೆ ಸಲೀಸಾಗಿ ಕೆಳಗಿಳಿಯುತ್ತಿತ್ತು. ನಮ್ಮ ಮನೆಯಿಂದ ಪೇಟೆಗೆ ಇಳಿಜಾರು. ಸೆಕೆಂಡ್ ಗೇರಿಗೆ ಹಾಕಿ ಉರುಳಿಸಿ ನೋಡಿದರೂ ಎರಡು ಬಾರಿ ಕೆಮ್ಮಿ ಸುಮ್ಮನಾಯಿತು.

ಪುಣ್ಯಕ್ಕೆ ಧರ್ಮಸ್ಥಳದ ಬಸ್ಸೊಂದು ಬಂತು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಇವಳ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿದ ಕಂಡಕ್ಟರ್, ‘ಪರೀಕ್ಷೆ ಮಗು ಕಣ್ರೀ, ದಾರಿ ಬಿಡಿ’ ಎಂದು ಕೂಗಿ ಅವಳನ್ನು ಒಳಕ್ಕೆ ಎಳೆದುಕೊಂಡರು. ನನಗೆ ಕಾಲಿಡಲು ಜಾಗವಿರಲಿಲ್ಲ. ‘ಅಪ್ಪಾ, ನೀವು ಗಾಡಿ ನೋಡಿಕೊಳ್ಳಿ, ನಾನು ಹೋಗ್ತೀನಿ’ ಎಂದು ಕಿಟಕಿಯ ಕಡೆಯಿಂದ ಅವಳ ದನಿ ಕೇಳಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು, ಗಂಟೆಗಟ್ಟಲೆ ಸಂಚಾರ ಬಂದ್. ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಎಂಬ ಯೋಚನೆಯಲ್ಲಿ ಒಂದು ಲೋಟ ಚಹಾ ಕೂಡ ಗಂಟಲಿಗೆ ಇಳಿಯಲಿಲ್ಲ.

ಒಂಬತ್ತು ಗಂಟೆಗೆ ಗ್ಯಾರೇಜಿನ ಬಾಗಿಲು ತೆರೆಯಿತು. ಅರವತ್ತು ದಾಟಿದ ಮೆಕ್ಯಾನಿಕ್. ಅವರ ಗೋಡೆಗೆ ಹಳೆಯ ಯೆಜ್ಡಿಯ ಟ್ಯಾಂಕೊಂದು ಒರಗಿತ್ತು. ನನ್ನ ಗಾಡಿಯ ಕಿಕ್ಕರನ್ನು ಕೈಯಿಂದಲೇ ಒಂದು ಸಲ ಒತ್ತಿ ನೋಡಿ, ‘ಮೇಷ್ಟ್ರೇ, ಟ್ಯಾಪೆಟ್ ಯಾರು ಮುಟ್ಟಿದ್ದು?’ ಎಂದು ಕೇಳಿದರು.

‘ನಾನೇ’ ಎಂದೆ.

‘ಯಾಕೆ?’

‘ಟಕಟಕ ಸದ್ದು ಬರ್ತಿತ್ತು. ನಿಲ್ಲಿಸಿದೆ.’

‘ಸದ್ದೂ ನಿಂತಿದೆ, ಗಾಡಿಯೂ ನಿಂತಿದೆ’ ಎಂದು ನಕ್ಕು ಸ್ಪ್ಯಾನರ್ ಕೈಗೆ ತೆಗೆದುಕೊಂಡರು.

ಇಲ್ಲಿ ಕವಾಟದ ವಿಷಯವನ್ನು ಸ್ವಲ್ಪ ಹೇಳಬೇಕು. ಆ ಗೋಡೆಗೊರಗಿದ್ದ ಯೆಜ್ಡಿಗೆ ನನ್ನ ಗಾಡಿಯ ಕಾಯಿಲೆ ಬರುವುದೇ ಸಾಧ್ಯವಿರಲಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರಾಗಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ನಾಡಿನ ಮೂಲೆಮೂಲೆಗೆ ಹೋದ ಆ ಗಾಡಿಗಳು ಟೂ ಸ್ಟ್ರೋಕ್ ಜಾತಿಯವು. ಅವುಗಳ ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ತಾನೇ ಆ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಹೀಗಾಗಿ ಬೇರೆ ಕವಾಟವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಆದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತವೆ, ಹೊಗೆ ಹೆಚ್ಚು ಬಿಡುತ್ತವೆ. 1985ರಲ್ಲಿ ಹೀರೊ ಹೋಂಡಾ ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕನ್ನು ತಂದ ಮೇಲೆ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಹೋಗುವ ಇಂಥ ಗಾಡಿಗಳು ಮೇಷ್ಟ್ರು, ಗುಮಾಸ್ತರ ಮನೆಗಳಿಗೂ ಬಂದವು. ನನ್ನದೂ ಅಂಥದೇ ಒಂದು ನೂರು ಸಿಸಿಯ ಗಾಡಿ.

ಫೋರ್ ಸ್ಟ್ರೋಕ್ ಎಂಜಿನ್ನಿನ ತಲೆಯೊಳಗೆ ಅಣಬೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಆಕಾರದ ಎರಡು ಉಕ್ಕಿನ ಕವಾಟಗಳಿರುತ್ತವೆ. ಒಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಡಲು, ಇನ್ನೊಂದು ಉರಿದ ಹೊಗೆಯನ್ನು ಹೊರಗೆ ಕಳಿಸಲು. ಸ್ಪ್ರಿಂಗ್ ಇವನ್ನು ಸದಾ ಮುಚ್ಚಿ ಹಿಡಿದಿರುತ್ತದೆ. ತಿರುಗುವ ಕ್ಯಾಮ್ ಎಂಬ ಉಬ್ಬು, ರಾಕರ್ ಎಂಬ ಸಣ್ಣ ಏತವನ್ನು ಎತ್ತಿದಾಗ ಅದರ ಇನ್ನೊಂದು ತುದಿ ಕವಾಟದ ಕಾಂಡವನ್ನು ಒತ್ತಿ ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ ಪ್ರತಿ ಕವಾಟವೂ ನಿಮಿಷಕ್ಕೆ 2500 ಸಲ, ಅಂದರೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ, ತೆರೆದು ಮುಚ್ಚಬೇಕು. ರಾಕರಿನ ತುದಿಗೂ ಕವಾಟದ ಕಾಂಡಕ್ಕೂ ನಡುವೆ, ಕವಾಟ ಮುಚ್ಚಿರುವಾಗ, ಒಂದು ಸಣ್ಣ ಸಂದು ಇರಲೇಬೇಕು. ನನ್ನ ಗಾಡಿಯ ಕೈಪಿಡಿ ಹೇಳುವ ಅಳತೆ 0.05 ಮಿಲಿಮೀಟರ್. ನಾವು ಬರೆಯುವ ಬಿಳಿ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್ ಎಂದರೆ, ಅದರಲ್ಲೂ ಅರ್ಧ. ತೆಳ್ಳನೆಯ ಕೂದಲಿನ ಎಳೆಯಷ್ಟು.

ಬಳಸುತ್ತ ಬಳಸುತ್ತ ಈ ಸಂದು ಬದಲಾಗುತ್ತದೆ. ಹೆಚ್ಚಾದರೆ ರಾಕರ್ ಕವಾಟವನ್ನು ಕುಟ್ಟಿ ಟಕಟಕ ಸದ್ದು ಬರುತ್ತದೆ. ನನ್ನ ಗಾಡಿಯದೂ ಅದೇ ಸದ್ದು. ಪಕ್ಕದ ಮನೆಯವರು ‘ಏನು ಮೇಷ್ಟ್ರೇ, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೀರಾ?’ ಎಂದು ಕೇಳಿದ್ದು ನನಗೆ ಚುಚ್ಚಿತು. ಶಾಲೆಯಿಂದ ಬಂದವನೇ, ಎಂಜಿನ್ ಬಿಸಿ ಇರುವಾಗಲೇ, ಮೇಲಿನ ಮುಚ್ಚಳ ಬಿಚ್ಚಿ ಸ್ಕ್ರೂ ತಿರುಗಿಸಿ, ರಾಕರ್ ಅಲುಗುವುದು ಬೆರಳಿಗೆ ತಿಳಿಯದಷ್ಟು ಬಿಗಿ ಮಾಡಿ ಸದ್ದು ನಿಲ್ಲಿಸಿದೆ. ಅಳೆಯಲು ಫೀಲರ್ ಗೇಜ್ ಇರಲಿಲ್ಲ. ಅದರ ಅಗತ್ಯವೂ ಕಾಣಲಿಲ್ಲ. ಏಕೆಂದರೆ ನನ್ನ ಬಳಿ ಸಿದ್ಧಾಂತವಿತ್ತು. ಬಿಸಿಯಲ್ಲಿ ಎಲ್ಲವೂ ಹಿಗ್ಗಿರುತ್ತದೆ, ಸಂದು ಅತಿ ಕಡಿಮೆ ಇರುವುದು ಆಗಲೇ. ತಣಿದರೆ ಎಲ್ಲ ಕುಗ್ಗಿ ಸಂದು ಹೆಚ್ಚೇ ಆಗುತ್ತದೆ. ಹಾಗಾಗಿ ಬಿಸಿಯಲ್ಲಿ ಬಿಗಿ ಮಾಡಿದರೆ ಅಪಾಯವಿಲ್ಲ. ರೈಲು ಹಳಿಗಳ ನಡುವೆ ಸಂದು ಬಿಡುವ ಪಾಠವನ್ನು ಇಪ್ಪತ್ತು ವರ್ಷ ಹೇಳಿದ ಮೇಷ್ಟ್ರಿಗೆ ಇದು ಸ್ವಯಂಸಿದ್ಧವೆಂದೇ ತೋರಿತ್ತು.

ಮೆಕ್ಯಾನಿಕ್ ಮುಚ್ಚಳ ತೆಗೆದು 0.05ರ ಗೇಜನ್ನು ತೂರಿಸಲು ನೋಡಿದರು. ಅದು ಒಳಗೆ ಹೋಗಲೇ ಇಲ್ಲ. ರಾಕರ್ ಎರಡೂ ಕವಾಟಗಳನ್ನು ಒತ್ತಿಕೊಂಡೇ ಕೂತಿತ್ತು. ಕವಾಟ ಪೂರ್ತಿ ಮುಚ್ಚದಿದ್ದರೆ ಒತ್ತಡ ಸೋರುತ್ತದೆ, ಎಂಜಿನ್ ಹೇಗೆ ಹತ್ತಿಕೊಂಡೀತು? ‘ಸದ್ದು ಮಾಡುವ ಟ್ಯಾಪೆಟ್ ಹೇಳಿ ಕೆಡುತ್ತದೆ ಮೇಷ್ಟ್ರೇ, ಸುಮ್ಮನಿರುವುದು ಹೇಳದೆ ಸುಡುತ್ತದೆ’ ಎಂದರು. ಅದೂ ನಿಜ. ಉರಿಯ ಬಾಯಲ್ಲಿರುವ ಹೊಗೆಕವಾಟ 600 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಶಾಖದ ಹೆಚ್ಚಿನ ಪಾಲು ಹೊರಹೋಗುವುದು, ಕವಾಟ ಮುಚ್ಚಿ ತನ್ನ ಪೀಠಕ್ಕೆ ಅಂಟಿ ಕೂರುವ ಆ ಕ್ಷಣಗಳಲ್ಲಿ. ಕೂರಲು ಬಿಡದಿದ್ದರೆ ಅದರ ಅಂಚು ಸುಟ್ಟು ಹೋಗುತ್ತದೆ. ನಾನು ಎರಡೇ ದಿನ ಹೀಗೆ ಓಡಿಸಿದ್ದರಿಂದ ಕವಾಟ ಉಳಿದುಕೊಂಡಿತ್ತು.

ಸಂದು ಸರಿಪಡಿಸಿದ ಮೇಲೆ ಎರಡನೆಯ ಕಿಕ್ಕಿಗೇ ಗಾಡಿ ಹತ್ತಿಕೊಂಡಿತು. ಅದೇ ಸಣ್ಣ ಟಿಕ್ ಟಿಕ್ ಸದ್ದು, ಆದರೆ ಈಗ ಹದವಾಗಿತ್ತು. ಆಗ ಗಂಟೆ ಹತ್ತು ಕಳೆದಿತ್ತು. ಮಗಳು ಪರೀಕ್ಷೆಗೆ ಕೂತಳೋ ಇಲ್ಲವೋ ತಿಳಿಯದೆ ಘಾಟಿ ಇಳಿಯತೊಡಗಿದೆ.

ಚಾರ್ಮಾಡಿ ಘಾಟಿಯನ್ನು ಮಳೆಗಾಲದಲ್ಲಿ ನೋಡಿದವರು ಜಲಪಾತಗಳನ್ನು ಹೊಗಳುತ್ತಾರೆ. ಮಾರ್ಚಿನಲ್ಲಿ ಆ ಬಂಡೆಗಳೆಲ್ಲ ಒಣಗಿ, ಎಲ್ಲೋ ಒಂದೆಡೆ ನೀರಿನ ತೆಳು ಗೆರೆ ಮಾತ್ರ ಉಳಿದಿರುತ್ತದೆ. ಮೇಲೆ ಬೋಳು ಹುಲ್ಲುಗುಡ್ಡ, ಕೆಳಗೆ ಕಣಿವೆಯಲ್ಲಿ ದಟ್ಟ ಹಸಿರು ಕಾಡು. ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಲಾರಿಗಳು ನಿಲ್ಲುತ್ತವೆ; ಚಾಲಕರು ಕೈಮುಗಿದು ಕಾಣಿಕೆ ಹಾಕಿ ಮುಂದೆ ಹೋಗುತ್ತಾರೆ. ಅಂದು ನಾನೂ ನಿಂತೆ. ಇಳಿದಂತೆಲ್ಲ ತಂಪು ಕಳೆದು ಕರಾವಳಿಯ ಸೆಖೆ ಮುಖಕ್ಕೆ ಬಡಿಯಿತು. ಒಂದೇ ಬೆಳಗಿನಲ್ಲಿ, ಒಂದೇ ರಸ್ತೆಯಲ್ಲಿ, ಸ್ವೆಟರ್ ಹಾಕಿಕೊಂಡು ಹೊರಟವನು ಬೆವರು ಒರೆಸಿಕೊಳ್ಳುತ್ತ ಮುಟ್ಟುವ ದಾರಿ ಇದು. ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ. ಮೃತ್ಯುಂಜಯ ಹೊಳೆಯ ಕಡೆ ಅಡಿಕೆ ತೋಟಗಳು. ಯಾವುದೂ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ಎಂಜಿನ್ನಿನ ಸದ್ದಿಗೇ ಕಿವಿಯೊಡ್ಡಿದ್ದೆ.

ಉಜಿರೆಯಲ್ಲಿ ಕಾಲೇಜಿನ ಗೇಟಿನ ಹೊರಗೆ, ಮರದ ನೆರಳಲ್ಲಿ, ಬೇರೆ ತಂದೆತಾಯಿಯರ ಜೊತೆ ಕಾದೆ. ಮಧ್ಯಾಹ್ನ ಗಂಟೆ ಹೊಡೆದು ಮಕ್ಕಳು ಹೊರಬಂದರು. ಇವಳೂ ಬಂದಳು. ಬಸ್ಸು ಹೊತ್ತಿಗೆ ಮುಂಚೆಯೇ ಮುಟ್ಟಿತ್ತಂತೆ. ನಾನು ಪರೀಕ್ಷೆ ಹೇಗಾಯಿತೆಂದು ಕೇಳುವ ಮೊದಲೇ ಅವಳು ‘ಗಾಡಿಗೆ ಏನಾಗಿತ್ತಪ್ಪ?’ ಎಂದಳು.

ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ನನ್ನ ಸಿದ್ಧಾಂತವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ, ಎಂಜಿನ್ನಿನ ತಲೆ ಯಾವ ಲೋಹದ್ದು?’ ಎಂದು ಕೇಳಿದಳು.

‘ಅಲ್ಯೂಮಿನಿಯಂ.’

‘ಕವಾಟ?’

‘ಉಕ್ಕು.’

ಅಷ್ಟು ಹೇಳುತ್ತಲೇ ನನಗೆ ತಪ್ಪು ಹೊಳೆಯಿತು. ಅವಳು ಬಿಡಲಿಲ್ಲ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದಳು. ಒಂದು ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಸಾಮಾನ್ಯ ಉಕ್ಕು ಸುಮಾರು 12 ಪಾಲು. ವ್ಯತ್ಯಾಸ 11. ಕವಾಟದ ಪೀಠದಿಂದ ರಾಕರಿನವರೆಗೆ ಅಂದಾಜು 60 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಆಗತಾನೇ ನಿಲ್ಲಿಸಿದ ಎಂಜಿನ್ನಿನ ತಲೆ ಹೊರಗಿನ ಗಾಳಿಗಿಂತ 75 ಡಿಗ್ರಿ ಬಿಸಿ ಇದೆ ಎಂದುಕೊಳ್ಳೋಣ. ಗುಣಿಸಿದರೆ ಬರುವುದು ಸುಮಾರು 0.05 ಮಿಲಿಮೀಟರ್!

ಎಂಜಿನ್ ನಿಂತ ಕೂಡಲೇ ಕವಾಟ ಬೇಗ ಆರಿ ತಲೆಯ ಬಿಸಿಗೆ ಇಳಿಯುತ್ತದೆ. ಆಗ ಉಕ್ಕಿನ ಕವಾಟಕ್ಕಿಂತ ಅದನ್ನು ಹೊತ್ತ ಅಲ್ಯೂಮಿನಿಯಂ ತಲೆಯೇ ಹೆಚ್ಚು ಹಿಗ್ಗಿರುತ್ತದೆ. ಅಂದರೆ ಆ ಹೊತ್ತಿನ ಸಂದು ತಣ್ಣಗಿನ ಸಂದಿಗಿಂತ ದೊಡ್ಡದು. ರಾತ್ರಿಯಿಡೀ ತಣಿದಾಗ ಅಲ್ಯೂಮಿನಿಯಂ ಹೆಚ್ಚು ಕುಗ್ಗಿ, ರಾಕರನ್ನು ಕೆಳಗೆಳೆದು ಕವಾಟದ ಮೇಲೆ ಒತ್ತುತ್ತದೆ. ಬಿಸಿಯಲ್ಲಿ ಕೈಪಿಡಿಯ ಅಳತೆಯಂತೆಯೇ ಇಟ್ಟಿದ್ದರೂ ಬೆಳಗಾಗುವಷ್ಟರಲ್ಲಿ ಸಂದು ಪೂರ್ತಿ ಮಾಯವಾಗುತ್ತಿತ್ತು. ನಾನಾದರೋ ಬಿಸಿಯಲ್ಲೇ ಪೂರ್ತಿ ಬಿಗಿದಿದ್ದೆ. ಇಸ್ತ್ರಿಪೆಟ್ಟಿಗೆಯೊಳಗಿನ ಎರಡು ಲೋಹದ ಪಟ್ಟಿ ಒಂದೇ ಸಮನೆ ಹಿಗ್ಗದೆ ಬಾಗಿ ವಿದ್ಯುತ್ ಕಡಿಯುವುದನ್ನು ನಾನೇ ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತಿದ್ದೆ. ಆ ಎರಡು ಲೋಹಗಳು ನನ್ನ ಗಾಡಿಯೊಳಗೂ ಇವೆ ಎಂಬುದು ಮಾತ್ರ ತೋಚಿರಲಿಲ್ಲ. ಪಾಠ ಬಾಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಅವಳ ಪರೀಕ್ಷೆಗಳೆಲ್ಲ ಮುಗಿದ ಮೇಲಿನ ಒಂದು ಭಾನುವಾರ ಮನೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಇಬ್ಬರೂ ಕೂತೆವು. ಅವಳು ಕೈಪಿಡಿ ಓದುವುದು, ನಾನು ಮಾಡುವುದು. ಅರ್ಧಕ್ಕೆ ಬಂದಾಗ ಕೆಲಸ ಅದಲುಬದಲಾಯಿತು. ಮಾಡಿ ನೋಡಬಯಸುವವರಿಗೆ ಕ್ರಮವನ್ನು ಹೇಳುತ್ತೇನೆ.

ಗಾಡಿಯನ್ನು ಹಿಂದಿನ ರಾತ್ರಿಯೇ ನಿಲ್ಲಿಸಿ ಪೂರ್ತಿ ತಣಿಯಲು ಬಿಡಬೇಕು. ಕೀಲಿ ತೆಗೆದಿಟ್ಟು, ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ತರಬೇಕು. ಎಂಜಿನ್ನಿನ ತಲೆಯ ಸುತ್ತ ಅಂಟಿದ ಮಣ್ಣನ್ನು ಬಟ್ಟೆಯಿಂದ ಒರೆಸದೆ ಯಾವ ಮುಚ್ಚಳವನ್ನೂ ಬಿಚ್ಚಬಾರದು. ಒಳಗೆ ಬಿದ್ದ ಒಂದು ಮರಳಿನ ಕಣವೂ ಕೇಡು. ಪ್ಲಗ್ ಬಿಚ್ಚಿಟ್ಟರೆ ಒಳಗಿನ ಒತ್ತಡ ಹೋಗಿ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಸುಲಭ. ಆಮೇಲೆ ತಲೆಯ ಮೇಲಿನ ಎರಡು ಟ್ಯಾಪೆಟ್ ಮುಚ್ಚಳ, ಎಡಬದಿಯಲ್ಲಿ ಮ್ಯಾಗ್ನೆಟ್ ಮೇಲಿರುವ ಎರಡು ಮುಚ್ಚಳ ತೆಗೆಯಬೇಕು.

ಎಡಬದಿಯ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ನನ್ನ ಗಾಡಿಯಲ್ಲಾದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ನಿಧಾನ ತಿರುಗಿಸಬೇಕು. ಮ್ಯಾಗ್ನೆಟ್ಟಿನ ಮೇಲೆ ಕೆತ್ತಿದ ಇಂಗ್ಲಿಷಿನ ‘ಟಿ’ ಗುರುತು ಕಿಂಡಿಯ ಗೆರೆಗೆ ಸರಿಯಾಗಿ ಬಂದರೆ ಪಿಸ್ಟನ್ ತುತ್ತತುದಿಯಲ್ಲಿದೆ ಎಂದರ್ಥ. ಆದರೆ ಎರಡು ಸುತ್ತಿನ ಒಂದು ಚಕ್ರದಲ್ಲಿ ಪಿಸ್ಟನ್ ಎರಡು ಸಲ ತುದಿ ಮುಟ್ಟುತ್ತದೆ. ನಮಗೆ ಬೇಕಾದದ್ದು ಎರಡೂ ಕವಾಟ ಮುಚ್ಚಿರುವ ಸಲ. ಎರಡೂ ರಾಕರುಗಳನ್ನು ಬೆರಳಿನಿಂದ ಅಲುಗಿಸಿದರೆ ತುಸು ಸಡಿಲ ಸಿಗಬೇಕು. ಸಿಗದಿದ್ದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸಿ ನೋಡಬೇಕು.

ಈಗ ಫೀಲರ್ ಗೇಜಿನ ತೆಳು ಹಾಳೆಯನ್ನು ಸ್ಕ್ರೂವಿನ ತುದಿಗೂ ಕವಾಟದ ಕಾಂಡಕ್ಕೂ ನಡುವೆ ತೂರಿಸಬೇಕು. ದಪ್ಪ ಪುಸ್ತಕದ ನಡುವಿನಿಂದ ಒಂದು ಹಾಳೆ ಎಳೆದಾಗ ಸಿಗುವಷ್ಟು ಹಿಡಿತ ಸಿಕ್ಕರೆ ಸರಿ. ಇಲ್ಲದಿದ್ದರೆ ಲಾಕ್‌ನಟ್ಟನ್ನು ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಸ್ಕ್ರೂ ತಿರುಗಿಸಿ ಹದ ಮಾಡಿ, ಸ್ಕ್ರೂ ಅಲುಗದಂತೆ ಹಿಡಿದು ನಟ್ಟನ್ನು ಬಿಗಿಯಬೇಕು. ಹೊಸಬರೆಲ್ಲ ಎಡವುವುದು ಇಲ್ಲೇ. ನಟ್ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಅಳತೆ ತಪ್ಪುತ್ತದೆ. ನಮಗೆ ಬೇಕಾದ ಸಂದೇ ಕೂದಲೆಳೆಯಷ್ಟು! ಬಿಗಿದ ಮೇಲೆ ಮತ್ತೆ ಅಳೆಯಬೇಕು; ಎಂಜಿನ್ನನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ಮಗಳು ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಸರಿಮಾಡಿದಳು. ಕೊನೆಗೆ ಮುಚ್ಚಳಗಳ ರಬ್ಬರ್ ಬಳೆಗಳನ್ನು ನೋಡಿ, ಹರಿದಿದ್ದರೆ ಬದಲಿಸಿ, ಮುಚ್ಚಿ, ಪ್ಲಗ್ ಹಾಕಿದರೆ ಮುಗಿಯಿತು.

ಎರಡು ಎಚ್ಚರಿಕೆಗಳಿವೆ. ಅಳತೆ ಪ್ರತಿಯೊಂದು ಗಾಡಿಗೂ ಬೇರೆ. ಕೆಲವದರಲ್ಲಿ ಒಳಕವಾಟಕ್ಕೊಂದು, ಹೊಗೆಕವಾಟಕ್ಕೊಂದು ಅಳತೆ. ಆದ್ದರಿಂದ ನಿಮ್ಮ ಗಾಡಿಯ ಕೈಪಿಡಿಯೇ ಪ್ರಮಾಣ, ನನ್ನ ಲೇಖನವಲ್ಲ. ಸ್ಕ್ರೂ ಬದಲು ಸಣ್ಣ ಬಿಲ್ಲೆಗಳನ್ನಿಟ್ಟು ಸಂದು ಹೊಂದಿಸುವ ಎಂಜಿನ್ನುಗಳೂ, ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುವ ಟ್ಯಾಪೆಟ್ಟುಗಳೂ ಇವೆ. ಅವನ್ನು ಅಂಗಳದಲ್ಲಿ ಕೂತು ಮುಟ್ಟಬಾರದು. ಎರಡನೆಯದು, ಸಂದು ಸರಿಯಿದ್ದೂ ಕಿಕ್ಕರ್ ಸಡಿಲವಾಗಿದ್ದರೆ ಕವಾಟ ಸುಟ್ಟಿರಬಹುದು, ಪಿಸ್ಟನ್ ಬಳೆ ಸವೆದಿರಬಹುದು. ಅದು ತಿಳಿದವರ ಕೆಲಸ. ಸಂಕೋಚವಿಲ್ಲದೆ ಗ್ಯಾರೇಜಿಗೆ ಹೋಗಿ.

ಪರೀಕ್ಷೆಯ ವರ್ಷ ಮಕ್ಕಳ ಕೈಗೆ ಸ್ಪ್ಯಾನರ್ ಕೊಟ್ಟರೆ ಓದು ಕೆಡುತ್ತದೆ ಎಂಬ ಭಯ ತಂದೆತಾಯಿಯರಿಗೆ ಇರುವುದು ಸಹಜ. ನನಗೂ ಇತ್ತು. ಆದರೆ ಆ ದಿನ ಉಜಿರೆಯ ಹೋಟೆಲಿನಲ್ಲಿ ನನ್ನ ಮಗಳು ಮಾಡಿದ ಲೆಕ್ಕಕ್ಕೆ ಯಾರೂ ಅಂಕ ಕೊಡಲಿಲ್ಲ. ಅವಳು ಮರೆಯದ ಲೆಕ್ಕ ಅದೊಂದೇ ಎಂದು ಈಗಲೂ ಹೇಳುತ್ತಾಳೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಮಸಿ ಮೆತ್ತಿಕೊಂಡರೆ ಯಾವ ಮಗುವೂ ಕೆಡುವುದಿಲ್ಲ.

ಆಮೇಲೆ ಚಾರ್ಮಾಡಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತದ್ದೂ ಆಯಿತು, ರಸ್ತೆ ಮತ್ತೆ ತೆರೆದದ್ದೂ ಆಯಿತು. ಅದೇ ಗಾಡಿ, ಅದೇ ಟಿಕ್ ಟಿಕ್. ಪಕ್ಕದ ಮನೆಯವರು ಹೊಲಿಗೆ ಯಂತ್ರದ ಮಾತೆತ್ತಿದರೆ ಈಗ ನನಗೆ ಕೋಪ ಬರುವುದಿಲ್ಲ.

ಉಷ್ಣದಿಂದ ಹಿಗ್ಗುವಿಕೆಯ ಪಾಠ ಬಂದಾಗ ರೈಲು ಹಳಿಯ ಚಿತ್ರದ ಜೊತೆಗೆ ಫೀಲರ್ ಗೇಜನ್ನೂ ತರಗತಿಗೆ ಒಯ್ಯುತ್ತೇನೆ. 0.05ರ ಹಾಳೆಯನ್ನು ಮಕ್ಕಳು ಕೈಯಿಂದ ಕೈಗೆ ದಾಟಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಕೊಟ್ಟಿಗೆಹಾರದ ಬಸ್ಸು ನಿಲ್ಲುವಲ್ಲಿ ನಾನು ಗಾಡಿ ಹಿಡಿದು ನಿಂತ ಕತೆ ಹೇಳುತ್ತೇನೆ. ಮೇಷ್ಟ್ರು ತಪ್ಪು ಮಾಡಿದ ಕತೆಯೆಂದರೆ ಮಕ್ಕಳಿಗೆ ಖುಷಿ. ಅವರು ನಗುತ್ತಾರೆ, ಆ ಪಾಠವನ್ನು ಮಾತ್ರ ಮರೆಯುವುದಿಲ್ಲ.